ಹ್ಯಾಂಡ್‌ಬ್ರೇಕ್ ಹಾಕಿದ ಮೇಲೆ ಓಡಿದ ವೆಬ್‌ಸೈಟು

ಜೂನ್ ಕೊನೆಯ ವಾರ. ಮಳೆ ಹಿಡಿದು ಮೂರು ದಿನ ಆಗಿತ್ತು. ಸಂಜೆ ಏಳರ ಹೊತ್ತಿಗೆ ಫೋನ್ ಬಂತು. ಬೆಂಗಳೂರಿನಿಂದ ಕೊಡಗಿನ ನಮ್ಮ ಹೋಂಸ್ಟೇಗೆ ಹೊರಟ ಒಂದು ಕುಟುಂಬ, ಕಾರಿನಲ್ಲಿ ಇಬ್ಬರು ಮಕ್ಕಳು, ಒಬ್ಬರು ಅಜ್ಜಿ, ನಾಪೋಕ್ಲು ದಾಟಿ ಕಕ್ಕಬ್ಬೆ ಹತ್ತಿರ ಎಲ್ಲೋ ನಿಂತಿದ್ದಾರೆ. "ವೆಬ್‌ಸೈಟಲ್ಲಿ ದಾರಿಯ ವಿಡಿಯೋ ಇದೆ ಅಂದ್ರಲ್ಲ ಸಾರ್, ಹತ್ತು ನಿಮಿಷದಿಂದ ಸುತ್ತುತ್ತಾನೇ ಇದೆ."

ಜೀಪು ತೆಗೆದುಕೊಂಡು ಹೋಗಿ ಕರೆದುಕೊಂಡು ಬಂದೆ. ಅಜ್ಜಿ ಏನೂ ಹೇಳಲಿಲ್ಲ. ಮಕ್ಕಳಪ್ಪ ಮಾತ್ರ ಬಿಸಿ ಕಾಫಿ ಕುಡಿಯುತ್ತಾ, "ನಿಮ್ಮ ಸೈಟ್ ನಮ್ಮ ಅರ್ಧ ಡೇಟಾ ತಿಂದುಬಿಡ್ತು" ಅಂದರು. ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ.

ನಮ್ಮದು ಮೂರು ಕೋಣೆಯ ಸಣ್ಣ ಹೋಂಸ್ಟೇ. ಸುತ್ತ ಕಾಫಿ, ಮೆಣಸು, ಒಂದಷ್ಟು ಕಿತ್ತಳೆ. ವೆಬ್‌ಸೈಟು ನಾನೇ ಮಾಡಿದ್ದು, ವರ್ಡ್‌ಪ್ರೆಸ್ ಅನ್ನುವ ಸೈಟು ಕಟ್ಟುವ ಸಾಫ್ಟ್‌ವೇರಿನಲ್ಲಿ. ವಿಡಿಯೋಗಳನ್ನೂ ನನ್ನ ಸೈಟಿನಲ್ಲೇ ಇಟ್ಟಿದ್ದೆ. ಬೇರೆ ಕಡೆ ಹಾಕಿ ಇಲ್ಲಿ ಅಂಟಿಸಬಹುದಿತ್ತು. ಆದರೆ ನಮ್ಮ ವಿಡಿಯೋ ಮುಗಿದ ತಕ್ಷಣ ಪಕ್ಕದೂರಿನ ರೆಸಾರ್ಟಿನ ಈಜುಕೊಳ ಬಂದರೆ ಹೇಗಿರುತ್ತೆ ಹೇಳಿ. ನಮ್ಮ ಮನೆ ಬಾಗಿಲಿಗೆ ಬಂದ ನೆಂಟರನ್ನು ನಾವೇ ಇನ್ನೊಬ್ಬರ ಮನೆಗೆ ಕಳಿಸಿದ ಹಾಗೆ ಅಲ್ವಾ? ಅದಕ್ಕೇ ಸ್ವಂತ ಜಾಗ.

ಮುಖಪುಟದಲ್ಲಿ ನಾಲ್ಕು ವಿಡಿಯೋ ಇದ್ದವು. ಏಪ್ರಿಲ್‌ನಲ್ಲಿ ಹೂಮಳೆ ಬಿದ್ದ ಮೇಲೆ ತೋಟವೆಲ್ಲ ಬೆಳ್ಳಗಾದದ್ದು ಒಂದು. ಹೆಂಚಿನ ಮೇಲೆ ಮಳೆ ಸುರಿಯುವುದು ಒಂದು. ರಾತ್ರಿ ಬೆಂಕಿ ಹಾಕಿ ಕೂತದ್ದು ಒಂದು. ನಾಪೋಕ್ಲುವಿನಿಂದ ನಮ್ಮ ಗೇಟಿನವರೆಗಿನ ದಾರಿ ಇನ್ನೊಂದು. ನಾಲ್ಕೂ ಫೋನಿನಿಂದ ತೆಗೆದದ್ದು, ತೆಗೆದ ಹಾಗೇ ಹಾಕಿದ್ದು. ವರ್ಡ್‌ಪ್ರೆಸ್ "ಫೈಲು ತುಂಬಾ ದೊಡ್ಡದು, ಆಗಲ್ಲ" ಅಂದಾಗಲಾದರೂ ಬುದ್ಧಿ ಬರಬೇಕಿತ್ತು. ನಾನು ಎಫ್‌ಟಿಪಿಯಲ್ಲಿ, ಅಂದರೆ ಫೈಲನ್ನು ನೇರವಾಗಿ ಕಳಿಸುವ ಇನ್ನೊಂದು ದಾರಿಯಲ್ಲಿ, ಹಿಂಬಾಗಿಲಿಂದ ಏರಿಸಿದೆ. ಗೆದ್ದೆ ಅಂದುಕೊಂಡೆ ಬೇರೆ.

ಮರುದಿನ ಸೈಟು ಇಡಲು ಜಾಗ ಕೊಟ್ಟಿರುವ ಹೋಸ್ಟಿಂಗ್ ಕಂಪನಿಗೆ ಫೋನ್ ಮಾಡಿದೆ. ಹೆಸರು ಬೇಡ ಬಿಡಿ. ಎರಡೇ ನಿಮಿಷದಲ್ಲಿ ಉತ್ತರ ಸಿಕ್ಕಿತು: ದೊಡ್ಡ ಪ್ಲಾನ್ ತಗೊಳ್ಳಿ. ಫೈಲು ಎಷ್ಟು ದೊಡ್ಡದಿದೆ ಅಂತ ಒಂದು ಮಾತು ಕೇಳಲಿಲ್ಲ. ಬಾವಿಯಲ್ಲಿ ನೀರು ಬೇಕಾದಷ್ಟಿದೆ, ಸಿಕ್ಕಿಕೊಂಡಿರುವುದು ಪೈಪಿನಲ್ಲಿ. ಇವರು ಇನ್ನೊಂದು ಬಾವಿ ತೋಡಿ ಅನ್ನುತ್ತಿದ್ದಾರೆ. ನಾನೂ ಹೆಚ್ಚುಕಡಿಮೆ ದುಡ್ಡು ಕಟ್ಟುವವನಿದ್ದೆ. ಅಷ್ಟರಲ್ಲಿ ಮೈಸೂರಿನಲ್ಲಿರುವ ಅಕ್ಕನ ಮಗ ಸೈಟು ತೆರೆದು ನೋಡಿ, "ಮಾವ, ಪ್ಲಾನ್ ಬಿಡಿ, ಮೊದಲು ಹ್ಯಾಂಡ್‌ಬ್ರೇಕ್ ಹಾಕಿ" ಅಂದ. ನಾನು ಜೀಪಿನ ವಿಷಯ ಅಂದುಕೊಂಡೆ.

ಹ್ಯಾಂಡ್‌ಬ್ರೇಕ್ ಅಂದರೆ ವಿಡಿಯೋ ಕುಗ್ಗಿಸುವ ಒಂದು ಸಾಫ್ಟ್‌ವೇರ್. ಪೂರ್ತಿ ಉಚಿತ, ಓಪನ್ ಸೋರ್ಸ್. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಇದು ಶುರುವಾದದ್ದು 2003ರಲ್ಲಿ. 1.0 ಅಂತ ನಂಬರ್ ಹಾಕಿಕೊಂಡದ್ದು 2016ರ ಡಿಸೆಂಬರ್‌ನಲ್ಲಿ, ಹದಿಮೂರು ವರ್ಷ ಬಿಟ್ಟು. ಮೆಣಸಿನ ಬಳ್ಳಿ ನೆಟ್ಟು ಕಾಯುವವರಿಗೂ ಅಷ್ಟು ತಾಳ್ಮೆ ಇಲ್ಲ. ಇದರ ಚಿಹ್ನೆ ಒಂದು ಅನಾನಸು, ಪಕ್ಕದಲ್ಲಿ ಒಂದು ಗ್ಲಾಸು. ಕೊಡಗಿನವರಿಗೆ ಇದಕ್ಕಿಂತ ಹತ್ತಿರದ ಚಿಹ್ನೆ ಇನ್ಯಾವುದಿದೆ? ಇಳಿಸಿಕೊಳ್ಳುವಾಗ ಅವರದೇ ವಿಳಾಸದಿಂದ, ಹ್ಯಾಂಡ್‌ಬ್ರೇಕ್ ಡಾಟ್ ಎಫ್‌ಆರ್‌ನಿಂದಲೇ ಇಳಿಸಿಕೊಳ್ಳಿ. ಹುಡುಕಿದಾಗ ಮೇಲೆ ಬರುವ ಜಾಹೀರಾತನ್ನು ಒತ್ತಬೇಡಿ.

ಒಂದು ತಿಂಗಳಿಗೂ ಮೇಲೆ ಬಳಸಿದ್ದೇನೆ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಯಾಕೆ ಕಡಿದೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ನನ್ನ ತಪ್ಪಿನ ಲೆಕ್ಕ. ಐಫೋನಿನ ಕ್ಯಾಮೆರಾ ಸೆಟ್ಟಿಂಗ್ಸಿನಲ್ಲೇ ಬರೆದಿರುತ್ತದೆ, ನಾವು ನೋಡುವುದಿಲ್ಲ ಅಷ್ಟೆ. 4ಕೆ (ತುಂಬಾ ಸ್ಪಷ್ಟ ಚಿತ್ರ), ಸೆಕೆಂಡಿಗೆ 60 ಫ್ರೇಮ್ (60 ಚಿತ್ರ) ಇಟ್ಟರೆ ಒಂದು ನಿಮಿಷಕ್ಕೆ ಸುಮಾರು 400 ಎಂಬಿ. ಅದೇ 1080ಪಿ (ಅದಕ್ಕಿಂತ ಸಣ್ಣ ಅಳತೆ), 30 ಫ್ರೇಮ್ ಆದರೆ ಸುಮಾರು 60 ಎಂಬಿ. ನನ್ನ ಮಳೆ ವಿಡಿಯೋ 40 ಸೆಕೆಂಡಿನದು, 4ಕೆ 60ರಲ್ಲಿ ತೆಗೆದದ್ದು. ಅದೊಂದೇ 260 ಎಂಬಿ ದಾಟಿತ್ತು. ಅಂಥವು ನಾಲ್ಕು, ನಾಲ್ಕೂ ಒಟ್ಟಿಗೆ ತಾನಾಗೇ ಓಡಲು ಶುರುವಾಗುತ್ತಿದ್ದವು. ಕಕ್ಕಬ್ಬೆಯ ಮಳೆಯಲ್ಲಿ ಒಂದು ಕಡ್ಡಿ ಸಿಗ್ನಲ್ ಹಿಡಿದುಕೊಂಡು ನಿಂತವರಿಗೆ ಬೇಕಾಗಿದ್ದದ್ದು ಕೊನೆಯ ವಿಡಿಯೋ. ಅದು ಬರುವ ಮುಂಚೆ ಕಾಫಿ ಹೂವು, ಮಳೆ, ಬೆಂಕಿ ಎಲ್ಲ ಸಾಲಿನಲ್ಲಿ ನಿಂತು ದಾರಿ ಕಟ್ಟಿದ್ದವು. ಮಳೆಯಲ್ಲಿ ನಿಂತವರಿಗೆ ಮಳೆಯ ವಿಡಿಯೋ!

ಇನ್ನೊಂದು ತೊಂದರೆ ನನಗೆ ಗೊತ್ತೇ ಇರಲಿಲ್ಲ. ಫೋನು ಹಾಗೆ ತೆಗೆಯುವುದು ಎಚ್‌ಇವಿಸಿ ಅನ್ನುವ ಬಗೆಯಲ್ಲಿ. ಅದು ಎಲ್ಲರ ಬ್ರೌಸರಿನಲ್ಲೂ ಆಡುವುದಿಲ್ಲ. ಕೆಲವರ ಲ್ಯಾಪ್‌ಟಾಪಿನಲ್ಲಿ ಬರೀ ಕಪ್ಪು ಡಬ್ಬ. ಎಚ್.264 ಅನ್ನುವ ಇನ್ನೊಂದು ಬಗೆ ಆದರೆ ಹೆಚ್ಚುಕಡಿಮೆ ಎಲ್ಲ ಕಡೆ ಆಡುತ್ತದೆ. ಹಳೇದು, ಆದರೆ ನಂಬಿಕಸ್ಥ. ನಮ್ಮ ಜೀಪಿನ ಹಾಗೆ.

ಕೆಲಸ ಮಾಡುವ ರೀತಿ ಸುಲಭ. ವಿಡಿಯೋವನ್ನು ಎಳೆದು ಹ್ಯಾಂಡ್‌ಬ್ರೇಕ್ ಒಳಗೆ ಬಿಡಿ. ಪ್ರೀಸೆಟ್ ಅಂತ, ಅಂದರೆ ಮೊದಲೇ ಹೊಂದಿಸಿಟ್ಟ ಸೆಟ್ಟಿಂಗುಗಳು ಇರುತ್ತವೆ, ಅದರಲ್ಲಿ ಫಾಸ್ಟ್ 720ಪಿ30 ಆರಿಸಿ. ಫಾರ್ಮ್ಯಾಟ್ ಎಂಪಿ4. ಅಲ್ಲೇ ಸಮ್ಮರಿ ಅನ್ನುವ ಪುಟದಲ್ಲಿ ವೆಬ್ ಆಪ್ಟಿಮೈಸ್ಡ್ ಅಂತ ಒಂದು ಸಣ್ಣ ಚೌಕ ಇದೆ. ಅದಕ್ಕೆ ಟಿಕ್ ಹಾಕಿ. ನನ್ನ ಪ್ರಕಾರ ಇಡೀ ಸಾಫ್ಟ್‌ವೇರಿನಲ್ಲಿ ನಮ್ಮಂಥವರಿಗೆ ಬೇಕಾದ ಜೀವ ಇರುವುದು ಆ ಚೌಕದಲ್ಲಿ. ನಾನು ಮೊದಲ ಸಲ ಅದನ್ನು ನೋಡೇ ಇರಲಿಲ್ಲ.

ಯಾಕೆ ಅಂದರೆ, ಎಂಪಿ4 ಫೈಲಿನಲ್ಲಿ ಒಂದು ಪಟ್ಟಿ ಇರುತ್ತದೆ. ಯಾವ ಫ್ರೇಮು ಎಲ್ಲಿದೆ, ಶಬ್ದ ಎಲ್ಲಿದೆ ಅಂತ. ಆ ಪಟ್ಟಿ ಸಿಗದೆ ಬ್ರೌಸರು ಒಂದು ಚಿತ್ರವನ್ನೂ ತೋರಿಸಲಾರದು. ರೆಕಾರ್ಡಿಂಗ್ ಮುಗಿಯುವವರೆಗೆ ಪಟ್ಟಿ ತಯಾರಾಗುವುದಿಲ್ಲ, ಹಾಗಾಗಿ ಅದು ಸಾಮಾನ್ಯವಾಗಿ ಫೈಲಿನ ಕೊನೆಗೆ ಹೋಗಿ ಕೂರುತ್ತದೆ. ಕಾಫಿ ಹಸನು ಮಾಡುವ ಕ್ಯೂರಿಂಗ್ ವರ್ಕ್ಸಿಗೆ ಲಾರಿ ತುಂಬ ಕಾಫಿ ಮೂಟೆ ಹೋಗಿದೆ, ಚೀಟಿ ಮಾತ್ರ ಕೊನೆಗೆ ಇಳಿಯುವ ಮೂಟೆಯೊಳಗೆ ಸಿಕ್ಕಿಕೊಂಡಿದೆ ಅಂತ ಇಟ್ಟುಕೊಳ್ಳಿ. ಗೇಟಿನವನು ಚೀಟಿ ನೋಡದೆ ಒಂದು ಮೂಟೆಯನ್ನೂ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಸರ್ವರ್, ಅಂದರೆ ಸೈಟಿನ ಫೈಲು ಇಟ್ಟಿರುವ ಕಂಪ್ಯೂಟರ್, ಒಳ್ಳೆಯದಾಗಿದ್ದರೆ ಬ್ರೌಸರು ನೇರ ಹಿಂದಕ್ಕೆ ಹೋಗಿ ಚೀಟಿ ತಂದು ವಾಪಸ್ ಮುಂದೆ ಬರುತ್ತದೆ. ಆದರೂ ಓಡಾಟ ಜಾಸ್ತಿ. ಸರ್ವರಿಗೆ ಹಾಗೆ ತುಂಡು ತುಂಡಾಗಿ ಕೊಡಲು ಬಾರದಿದ್ದರೆ ಇಡೀ ಲಾರಿ ಇಳಿಸಬೇಕು. ಆ ಟಿಕ್ ಮಾಡುವುದು ಇಷ್ಟೇ, ಚೀಟಿಯನ್ನು ತಂದು ಡ್ರೈವರ್ ಕೈಗೆ ಕೊಡುವುದು. ಚಿತ್ರದ ಗುಣಮಟ್ಟ ಒಂದು ಚೂರೂ ಬದಲಾಗುವುದಿಲ್ಲ.

ನಿಮ್ಮ ಸರ್ವರು ತುಂಡಾಗಿ ಕೊಡುತ್ತದೋ ಇಲ್ಲವೋ ನೋಡಬೇಕಾ? ಕ್ರೋಮ್‌ನಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ಪುಟಕ್ಕೆ ಹೋಗಿ, ವಿಡಿಯೋ ಓಡಿಸಿ. ವಿಡಿಯೋ ಸಾಲಿನಲ್ಲಿ 206 ಅಂತ ಬಂದರೆ ಸರಿ ಇದೆ. 200 ಅಂತಲೇ ಬಂದು, ಮಧ್ಯಕ್ಕೆ ಎಳೆದರೂ ವಿಡಿಯೋ ಜಗ್ಗದಿದ್ದರೆ ಹೋಸ್ಟಿಂಗ್‌ನವರನ್ನು ಕೇಳಿ. ನಮ್ಮದು 206 ಇತ್ತು. ಅಂದರೆ ಸರ್ವರಿನ ತಪ್ಪು ಏನೂ ಇರಲಿಲ್ಲ, ದೊಡ್ಡ ಪ್ಲಾನ್ ತಗೊಂಡಿದ್ದರೆ ಸುಮ್ನೆ ದಂಡ.

ಇನ್ನು ಗುಣಮಟ್ಟ. ವಿಡಿಯೋ ಪುಟದಲ್ಲಿ ಆರ್‌ಎಫ್ ಅಂತ ಒಂದು ಎಳೆಯುವ ಪಟ್ಟಿ ಇದೆ. ನಂಬರ್ ಕಡಿಮೆ ಆದಷ್ಟೂ ಚಿತ್ರ ಚೆನ್ನ, ಫೈಲು ದಪ್ಪ. ಸುಮಾರಾಗಿ ಆರು ಅಂಕ ಏರಿಸಿದರೆ ಫೈಲು ಅರ್ಧಕ್ಕೆ ಬರುತ್ತದೆ. ನಾನು ಎಲ್ಲಕ್ಕೂ 24 ಇಟ್ಟೆ. ಜಗಲಿಯಲ್ಲಿ ಕೂತು ಕಾಫಿ ಕುಡಿಯುವ 40 ಸೆಕೆಂಡಿನ ಹೊಸ ವಿಡಿಯೋ ಒಂದಿತ್ತು, ಅದು ಏಳೂವರೆ ಎಂಬಿಗೆ ಬಂತು. ಖುಷಿ ಆಯ್ತು. ಅದೇ 40 ಸೆಕೆಂಡಿನ ಮಳೆ ವಿಡಿಯೋ, ಅದೇ 24, ಬಂದದ್ದು 22 ಎಂಬಿ.

ಏನೋ ತಪ್ಪು ಮಾಡಿದೆ ಅಂತ ಮತ್ತೆ ಮಾಡಿದೆ. ಮತ್ತೆ 22.

ಅಕ್ಕನ ಮಗ ಬಿಡಿಸಿ ಹೇಳಿದ ಮೇಲೆ ಗೊತ್ತಾಯಿತು. ವಿಡಿಯೋ ಕುಗ್ಗಿಸುವುದು ಅಂದರೆ ಹಿಂದಿನ ಚಿತ್ರಕ್ಕೂ ಈಗಿನ ಚಿತ್ರಕ್ಕೂ ಏನು ಬದಲಾಯಿತೋ ಅದನ್ನಷ್ಟೇ ಬರೆದಿಡುವುದು. ಜಗಲಿಯಲ್ಲಿ ಏನು ಬದಲಾಗುತ್ತದೆ? ಲೋಟದಿಂದ ಏಳುವ ಹಬೆ, ಬೆಕ್ಕಿನ ಬಾಲ. ಮಳೆಯಲ್ಲಿ ಹಾಗಲ್ಲ. ಪ್ರತಿ ಹನಿಯೂ ಹೊಸದು, ಪ್ರತಿ ಎಲೆಯೂ ಅಲ್ಲಾಡುತ್ತದೆ, ಅಂಗಳದ ನೀರು ಕುದಿಯುವ ಹಾಗೆ ಕಾಣುತ್ತದೆ. ಉಳಿಸಿಕೊಳ್ಳಲು ಹಳೇದು ಏನೂ ಸಿಗುವುದಿಲ್ಲ. ಅಬ್ಬಿ ಜಲಪಾತದ ವಿಡಿಯೋ ಹಾಕುವವರಿಗೂ ಇದೇ ಗತಿ. ಕೊಡಗಿನಲ್ಲಿ ನಾವು ತೋರಿಸಬೇಕು ಅಂದುಕೊಳ್ಳುವುದೆಲ್ಲ ಇಂಥವೇ. ಮಳೆ, ಜಲಪಾತ, ಗಾಳಿಗೆ ತೂಗುವ ಮರ. ಬಯಲುಸೀಮೆಯ ಹೋಂಸ್ಟೇ ಆಗಿದ್ದರೆ ಸುಲಭ ಇತ್ತೇನೋ.

ಕೊನೆಗೆ ನಾನು ಮಾಡಿದ್ದು, ಮಳೆ ವಿಡಿಯೋವನ್ನು 8 ಸೆಕೆಂಡಿಗೆ ಕತ್ತರಿಸಿದ್ದು. ಹ್ಯಾಂಡ್‌ಬ್ರೇಕ್ ಒಳಗೇ ಎಲ್ಲಿಂದ ಎಲ್ಲಿಗೆ ಅಂತ ಸೆಕೆಂಡ್ ಹಾಕಬಹುದು. ಅದೇ ಮತ್ತೆ ಮತ್ತೆ ಸುತ್ತುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಮಳೆ ನೋಡುವವರು ಸೆಕೆಂಡ್ ಎಣಿಸುತ್ತಾರಾ? ಆರ್‌ಎಫ್ 27ಕ್ಕೆ ಏರಿಸಿದೆ. ಸುಮಾರು 3 ಎಂಬಿಗೆ ಬಂತು. 260ರಿಂದ 3.

ತಾನಾಗೇ ಓಡುವ ವಿಡಿಯೋಗೆ ಶಬ್ದ ಬೇಡ, ಆಡಿಯೋ ಪುಟದಲ್ಲಿ ಅದನ್ನು ತೆಗೆದುಬಿಡಿ. ಹೇಗೂ ಶಬ್ದ ಇರುವ ವಿಡಿಯೋವನ್ನು ಬ್ರೌಸರುಗಳು ಸಾಮಾನ್ಯವಾಗಿ ತಾನಾಗೇ ಓಡಲು ಬಿಡುವುದಿಲ್ಲ. ಪುಟದ ಕೋಡಿನಲ್ಲಿ ವಿಡಿಯೋ ಕೂರಿಸುವ ಸಾಲಿಗೆ ಟ್ಯಾಗ್ ಅನ್ನುತ್ತಾರೆ, ಅದರಲ್ಲಿ ಆಟೋಪ್ಲೇ ಜೊತೆ ಮ್ಯೂಟೆಡ್ ಅಂತಲೂ, ಪ್ಲೇಸ್‌ಇನ್‌ಲೈನ್ ಅಂತಲೂ ಬರೆಯಬೇಕು. ಎರಡನೆಯದು ಮರೆತರೆ ಐಫೋನಿನಲ್ಲಿ ವಿಡಿಯೋ ಪುಟದೊಳಗೆ ಆಡದೆ ಪೂರ್ತಿ ಪರದೆಗೆ ಹೋಗುತ್ತದೆ.

ಆದರೆ ಹೆಂಚಿನ ಮೇಲೆ ಬೀಳುವ ಮಳೆಗೆ ಶಬ್ದ ಇಲ್ಲದಿದ್ದರೆ ಏನು ಸುಖ? ನನಗೆ ಇದು ಬಹಳ ಕಾಡಿತು. ಆ ಶಬ್ದ ಕೇಳಿಯೇ ಜನ ಬುಕ್ ಮಾಡುತ್ತಾರೆ ಅಂತ ನನ್ನ ನಂಬಿಕೆ. ಹೆಂಡತಿ ಒಪ್ಪುವುದಿಲ್ಲ, ಅವಳ ಪ್ರಕಾರ ಜನ ಬರುವುದು ಪಂದಿ ಕರಿಗೆ, ಅಂದರೆ ಹಂದಿ ಸಾರಿಗೆ. ಇರಲಿ. ಶಬ್ದ ಇರುವ 40 ಸೆಕೆಂಡಿನ ಮಳೆಯನ್ನು ಪುಟದ ಕೆಳಗೆ ಬೇರೆ ಇಟ್ಟೆ. ಅದಕ್ಕೆ ಪ್ರೀಲೋಡ್ ನನ್ (none) ಅಂತ ಹಾಕಿದೆ. ಅಂದರೆ ಯಾರಾದರೂ ಒತ್ತುವವರೆಗೆ ವಿಡಿಯೋ ಇಳಿಸಬೇಡ ಅಂತ ಬ್ರೌಸರಿಗೆ ಹೇಳಿದ ಹಾಗೆ. ಶಬ್ದವನ್ನು 96 ಕೆಬಿಪಿಎಸ್‌ಗೆ ಇಳಿಸಿದೆ. 40 ಸೆಕೆಂಡಿಗೆ ಲೆಕ್ಕ ಹಾಕಿದರೆ ಅರ್ಧ ಎಂಬಿಯೂ ಇಲ್ಲ. ಶಬ್ದ ಅಗ್ಗ, ಚಿತ್ರ ದುಬಾರಿ.

ಒತ್ತುವ ಮುಂಚೆ ಏನು ಕಾಣಬೇಕು? ಅದಕ್ಕೇ ಪೋಸ್ಟರ್ ಅಂತ ಒಂದು ಚಿತ್ರ ಕೊಡಬೇಕು, ಇಲ್ಲವಾದರೆ ಕಪ್ಪು ಡಬ್ಬ. ಹ್ಯಾಂಡ್‌ಬ್ರೇಕ್ ಪೋಸ್ಟರ್ ಮಾಡಿಕೊಡುವುದಿಲ್ಲ. ನಾನು ವಿಎಲ್‌ಸಿ ಅನ್ನುವ ವಿಡಿಯೋ ಪ್ಲೇಯರಿನಲ್ಲಿ ವಿಡಿಯೋ ನಿಲ್ಲಿಸಿ ಸ್ನ್ಯಾಪ್‌ಶಾಟ್ ತೆಗೆದೆ, 80 ಕೆಬಿಗೆ ಕುಗ್ಗಿಸಿ ಹಾಕಿದೆ. ಮೊದಲ ಪರದೆಯ ದೊಡ್ಡ ಚಿತ್ರ ಎರಡೂವರೆ ಸೆಕೆಂಡಿನೊಳಗೆ ಕಂಡರೆ ಒಳ್ಳೆಯದು ಅಂತ ಗೂಗಲ್ ಇಟ್ಟಿರುವ ಅಳತೆ. ನಮ್ಮ ಪುಟದಲ್ಲಿ ಆ ಅಳತೆಗೆ ಸಿಗುವುದು ಹೆಚ್ಚಾಗಿ ಈ ಪೋಸ್ಟರೇ. ಅದನ್ನು ಮಾತ್ರ ತಡವಾಗಿ ಇಳಿಯುವ ಸಾಲಿಗೆ ತಳ್ಳಬೇಡಿ. ವಿಡಿಯೋ ಟ್ಯಾಗಿನಲ್ಲಿ ಅಗಲ, ಎತ್ತರ ಬರೆಯಿರಿ. ಬರೆಯದಿದ್ದರೆ ವಿಡಿಯೋ ಬಂದಾಗ ಪುಟ ಹಾರುತ್ತದೆ, ಬುಕ್ ಬಟನ್ ಒತ್ತಲು ಹೋದವರ ಬೆರಳು ಇನ್ನೆಲ್ಲೋ ಬೀಳುತ್ತದೆ.

ದಾರಿಯ ವಿಡಿಯೋಗೆ ಒಂದು ಪ್ರತ್ಯೇಕ ಪುಟವನ್ನೇ ಮಾಡಿದೆ. ಆ ಪುಟದಲ್ಲಿ ಬೇರೆ ಏನೂ ಇಲ್ಲ. 480ಪಿ ಸಾಕು, ತಿರುವಿನ ಬೋರ್ಡು ಕಂಡರೆ ಆಯ್ತಲ್ಲ. ವಿಡಿಯೋಗಿಂತ ಮೇಲ್ಗಡೆ, ಪುಟದಲ್ಲೇ, ಮೂರು ಸಾಲು ಬರಹವೂ ಇದೆ. ಮಸೀದಿ ದಾಟಿ ಎಡಕ್ಕೆ, ಸೇತುವೆ ಆದ ಮೇಲೆ ಬಲಕ್ಕೆ, ಹಲಸಿನ ಮರದ ಹತ್ತಿರ ಗೇಟು. ನೆಟ್‌ವರ್ಕ್ ತೆವಳುತ್ತಿದ್ದು ವಿಡಿಯೋ ಬರದಿದ್ದರೂ ಬರಹ ಬರುತ್ತದೆ.

ಈಗ ಆ ಅರ್ಧ ಅಂಕದ ವಿಷಯ.

ಮೊದಲ ಸಲ ತೆರೆದವರಿಗೆ ಹ್ಯಾಂಡ್‌ಬ್ರೇಕ್ ಗಾಬರಿ ಹುಟ್ಟಿಸುತ್ತದೆ. ಎಲ್ಲ ಪುಟದಲ್ಲೂ ಸಂಕ್ಷಿಪ್ತ ಹೆಸರುಗಳು, ಯಾವುದು ಮುಟ್ಟಬೇಕು ಯಾವುದು ಬಿಡಬೇಕು ತಿಳಿಯುವುದಿಲ್ಲ. ಮುಟ್ಟದೇ ಬಿಟ್ಟರೂ ಒಂದು ಕಡೆ ಸಿಕ್ಕಿಬಿದ್ದೆ. ಕಪ್ಪು ಅಂಚು ಕಂಡರೆ ತಾನಾಗೇ ಕತ್ತರಿಸುವ ವ್ಯವಸ್ಥೆ ಇದರಲ್ಲಿದೆ. ಸಿನಿಮಾಗಳ ಮೇಲೆ ಕೆಳಗೆ ಕಪ್ಪು ಪಟ್ಟಿ ಇರುತ್ತದಲ್ಲ, ಅದಕ್ಕಾಗಿ ಇಟ್ಟದ್ದು. ನನ್ನ ಬೆಂಕಿಯ ವಿಡಿಯೋದಲ್ಲಿ ಮಧ್ಯೆ ಬೆಂಕಿ, ಸುತ್ತ ಕಗ್ಗತ್ತಲು. ಅದು ಕತ್ತಲನ್ನೇ ಅಂಚು ಅಂದುಕೊಂಡಿತು. ಕತ್ತಲಲ್ಲಿ ಕೂತಿದ್ದ ನಮ್ಮ ಭಾವನ ಅರ್ಧ ಮುಖವೂ ಹೋಯಿತು. ನಾನೂ ನೋಡದೆ ಸೈಟಿಗೆ ಏರಿಸಿದ್ದೆ, ಎರಡು ದಿನ ಆದ ಮೇಲೆ ಭಾವನೇ ಫೋನ್ ಮಾಡಿ ಕೇಳಿದರು. ಡೈಮೆನ್ಷನ್ಸ್ ಪುಟದಲ್ಲಿ ಕ್ರಾಪಿಂಗ್ ಅನ್ನುವಲ್ಲಿ ನನ್ (none) ಅಂತ ಆರಿಸಿದರೆ ಮುಗಿಯಿತು. ರಾತ್ರಿಯ ವಿಡಿಯೋ ಇದ್ದರೆ ಮರೆಯಬೇಡಿ.

ಮಂಜಿನ ವಿಡಿಯೋ ಇನ್ನೊಂದು ತಲೆನೋವು. ಮಾಂದಲ್‌ಪಟ್ಟಿಯಲ್ಲಿ ಬೆಳಿಗ್ಗೆ ತೆಗೆದದ್ದು, ಮಂಜು ನಿಧಾನಕ್ಕೆ ಕಣಿವೆಯಿಂದ ಏರುತ್ತದೆ. ಹೆಚ್ಚು ಕುಗ್ಗಿಸಿದರೆ ಮಂಜು ಮಂಜಾಗಿ ಉಳಿಯುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ, ಸುಣ್ಣ ಬಳಿಯುವಾಗ ಬ್ರಷ್ ನಿಂತ ಗುರುತಿನ ಹಾಗೆ ಕಾಣುತ್ತದೆ. ಇದಕ್ಕೆ ಆರ್‌ಎಫ್ 20ಕ್ಕೆ ಇಳಿಸಿ, ಉದ್ದವನ್ನು 6 ಸೆಕೆಂಡಿಗೆ ಕಡಿಮೆ ಮಾಡಿದೆ. ಆದರೂ ಮೂಲದಷ್ಟು ಚೆನ್ನಾಗಿಲ್ಲ. ಇದು ಹ್ಯಾಂಡ್‌ಬ್ರೇಕಿನದೊಂದೇ ದೋಷ ಅಲ್ಲ, ಮಂಜೇ ಹಾಗೆ.

ಹತ್ತು ಹದಿನೈದು ನಿಮಿಷದ ಉದ್ದನೆಯ ವಿಡಿಯೋ ಇಡುವವರಿಗೆ ಇದೊಂದೇ ಸಾಲದು. ಅವರಿಗೆ ಎಚ್‌ಎಲ್‌ಎಸ್ ಬೇಕು. ವಿಡಿಯೋವನ್ನು ಕೆಲವು ಸೆಕೆಂಡಿನ ಚೂರುಗಳಾಗಿ, ಮೂರ್ನಾಲ್ಕು ಗುಣಮಟ್ಟದಲ್ಲಿ ಇಟ್ಟು, ನೋಡುವವರ ನೆಟ್‌ವರ್ಕ್‌ಗೆ ತಕ್ಕ ಚೂರು ಕೊಡುವ ವ್ಯವಸ್ಥೆ. ಆಪಲ್‌ನವರು 2009ರಲ್ಲಿ ತಂದದ್ದು. ಹ್ಯಾಂಡ್‌ಬ್ರೇಕ್ ಅದನ್ನು ಮಾಡುವುದಿಲ್ಲ, ಎಫ್‌ಎಫ್‌ಎಂಪೆಗ್ ಅನ್ನುವ ಇನ್ನೊಂದು ಸಾಫ್ಟ್‌ವೇರ್ ಮಾಡುತ್ತದೆ. ಅದರಲ್ಲಿ ಕಿಟಕಿ, ಬಟನ್ ಏನೂ ಇಲ್ಲ, ಆದೇಶ ಟೈಪ್ ಮಾಡಬೇಕು. ಅಕ್ಕನ ಮಗನಿಗೆ ಅದೇ ಇಷ್ಟ. ನಾನು ಹ್ಯಾಂಡ್‌ಬ್ರೇಕ್‌ಗೇ ನಿಂತೆ. 8 ಸೆಕೆಂಡಿನ ಮಳೆಗೆ ಅಷ್ಟೆಲ್ಲ ಬೇಕಾಗಿಲ್ಲ. ಸಿಡಿಎನ್, ಅಂದರೆ ಫೈಲಿನ ಪ್ರತಿಗಳನ್ನು ಬೇರೆ ಬೇರೆ ಊರಿನ ಸರ್ವರಿನಲ್ಲಿಟ್ಟು ಹತ್ತಿರದಿಂದ ಕೊಡುವ ಸೇವೆ, ಅದರ ವಿಷಯಕ್ಕೂ ನಾನು ಹೋಗಿಲ್ಲ. ಹೋಗುವವರು ಉಚಿತ ಪ್ಲಾನಿನ ಷರತ್ತನ್ನು ಓದಿಕೊಂಡು ಹೋಗಿ, ವಿಡಿಯೋ ಹಂಚಲು ಬಿಡದ ಉಚಿತ ಪ್ಲಾನುಗಳೂ ಇವೆ.

ಕರೆಂಟಿನದು ಮಾತ್ರ ಹೇಳಲೇಬೇಕು. ವಿಡಿಯೋ ಕುಗ್ಗಿಸುವಾಗ ಲ್ಯಾಪ್‌ಟಾಪಿನ ಫ್ಯಾನ್ ಅಕ್ಕಿ ಗಿರಣಿಯ ಹಾಗೆ ಕೂಗುತ್ತದೆ. ನಮ್ಮದರ ಬ್ಯಾಟರಿ ಸತ್ತು ಎರಡು ವರ್ಷ ಆಯ್ತು. ಜುಲೈನಲ್ಲಿ 91 ಪರ್ಸೆಂಟ್ ಆದಾಗ ಕರೆಂಟ್ ಹೋಯಿತು. 91 ಪರ್ಸೆಂಟ್ ವಿಡಿಯೋ ಆದರೂ ಸಿಗುತ್ತದೆ ಅಂದುಕೊಂಡೆ, ಏನೂ ಇಲ್ಲ. ಆ ಚೀಟಿ ತಯಾರಾಗುವುದು ಕೊನೆಯಲ್ಲಿ ಅಂದೆನಲ್ಲ, ಚೀಟಿ ಇಲ್ಲದ ಫೈಲು ತೆರೆಯುವುದೇ ಇಲ್ಲ. ಮತ್ತೆ ತೆರೆದಾಗ ಹ್ಯಾಂಡ್‌ಬ್ರೇಕ್ ಮಾತ್ರ ಮರ್ಯಾದೆಯಿಂದ ಕೇಳಿತು, ಹಿಂದಿನ ಸಲ ಅರ್ಧಕ್ಕೆ ನಿಂತ ಕೆಲಸ ಇದೆ, ವಾಪಸ್ ತಗೊಳ್ಳಲಾ ಅಂತ. ತಗೊಂಡಿತು. ಸೊನ್ನೆಯಿಂದ.

ಎಲ್ಲ ಮುಗಿದ ಮೇಲೆ ಪರೀಕ್ಷೆ. ಕ್ರೋಮ್‌ನ ನೆಟ್‌ವರ್ಕ್ ಪುಟದಲ್ಲೇ ವೇಗ ಇಳಿಸಿ ನೋಡಬಹುದು. ನಾನು ಹಾಗೂ ನೋಡಿದೆ, ಹೀಗೂ ನೋಡಿದೆ. ಛತ್ರಿ ಹಿಡಿದು ಗೇಟಿನ ಹಲಸಿನ ಮರದ ಕೆಳಗೆ ಹೋಗಿ ನಿಂತೆ, ಅಲ್ಲಿ ಒಂದು ಕಡ್ಡಿ, ಅದೃಷ್ಟ ಇದ್ದರೆ ಎರಡು. ಮೊದಲು ಅಲ್ಲಿ ನಮ್ಮ ಸೈಟು ತೆರೆದದ್ದನ್ನು ನಾನೇ ನೋಡಿರಲಿಲ್ಲ. ಈಗ ಪೋಸ್ಟರ್ ತಕ್ಷಣ ಬಂತು, ಮಳೆ ಸುರಿಯಲು ಸ್ವಲ್ಪ ತಡವಾಯಿತು, ದಾರಿಯ ವಿಡಿಯೋ ಒತ್ತಿದ ಕೂಡಲೇ ಓಡಿತು. ಎರಡು ಜಿಗಣೆ ಹತ್ತಿಸಿಕೊಂಡು ಒಳಗೆ ಬಂದೆ.

ಜುಲೈ ಕೊನೆಯಲ್ಲಿ ಒಂದು ಜೋಡಿ ಬಂತು. ಕಾರು ಸೀದಾ ಅಂಗಳಕ್ಕೆ ಬಂದು ನಿಂತಾಗಲೇ ನನಗೆ ಗೊತ್ತಾದದ್ದು. ಫೋನ್ ಮಾಡಿರಲಿಲ್ಲ, ಜೀಪಿನ ಕೀಲಿ ಗೂಟದಲ್ಲೇ ಇತ್ತು.

ಈಗ ಕಕ್ಕಡ ಹದಿನೆಂಟು, ಅಂದರೆ ಕೊಡಗಿನಲ್ಲಿ ಮದ್ದು ಸೊಪ್ಪು ತಿನ್ನುವ ಕಕ್ಕಡ ತಿಂಗಳ ಹದಿನೆಂಟನೇ ದಿನ, ಬಂದು ಹೋಯಿತು. ಮದ್ದು ಸೊಪ್ಪು ಕುದಿಸಿ ಪಾಯಸ ಮಾಡುವುದನ್ನು ಈ ಸಲ ವಿಡಿಯೋ ತೆಗೆದಿದ್ದೇನೆ, ಹಸಿರು ಸೊಪ್ಪಿನಿಂದ ಕಡು ನೇರಳೆ ಬಣ್ಣ ಇಳಿಯುವುದು ನೋಡಬೇಕು. 1080ಪಿ, 30 ಫ್ರೇಮ್‌ನಲ್ಲೇ ತೆಗೆದೆ, ಅಷ್ಟು ಬುದ್ಧಿ ಬಂದಿದೆ. ಕ್ರಾಪಿಂಗ್ ನನ್, ವೆಬ್ ಆಪ್ಟಿಮೈಸ್ಡ್‌ಗೆ ಟಿಕ್. ಇದನ್ನು ಫೋನಿನಲ್ಲಿ ಟೈಪ್ ಮಾಡುವಾಗ ಪಕ್ಕದ ಲ್ಯಾಪ್‌ಟಾಪಿನಲ್ಲಿ 62 ಪರ್ಸೆಂಟ್ ಅಂತ ತೋರಿಸುತ್ತಿದೆ. ಹೊರಗೆ ಗಾಳಿ ಜೋರಾಗಿದೆ, ಬಲ್ಬು ಎರಡು ಸಲ ಕಣ್ಣು ಹೊಡೆಯಿತು.